ತಾಗದ ಏಟು

ಆ ಹಂಗೇರಿಯವನನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವನು ಫೆನ್ಸಿಂಗ್ ಎನ್ನುವ ಕತ್ತಿವರಸೆಯ ಆಟಗಾರ. ನನ್ನ ಹದಿಮೂರರ ಮಗಳ ಫೋನ್ ತೆರೆದರೆ ಸಾಕು, ಅವನೇ. ಹತ್ತು ವರ್ಷ ಮಂಡಿ ಸವೆಸಿಕೊಂಡು ಆಡಿದಾಗ ಅವನನ್ನು ಯಾರೂ ಮೂಸಿ ನೋಡಿರಲಿಲ್ಲವಂತೆ. ಒಂದು ದಿನ ಪಂದ್ಯ ಮುಗಿಸಿ, ಮುಖವಾಡ ತೆಗೆದು, ಬೆವರಿನಿಂದ ಒದ್ದೆಯಾದ ಕೂದಲು ಕೊಡವಿದ. ಅದನ್ನು ಯಾರೋ ವಿಡಿಯೋ ಮಾಡಿ ಹಾಕಿದರು, ಲೋಕವೇ ಮುಗಿಬಿತ್ತು. ಅಲ್ಲಿಂದ ಮುಂದೆ ಗೆದ್ದರೂ ಕೂದಲು, ಸೋತರೂ ಕೂದಲು.

ಸ್ವೀಡನ್ನಿನಲ್ಲಿ ನಾವಿರುವ ವೆಸ್ಟೆರಾಸ್ ಊರಿನ ಕತ್ತಿವರಸೆ ಕ್ಲಬ್ಬಿಗೆ ಮಗಳನ್ನು ಏಳನೇ ವಯಸ್ಸಿನಲ್ಲೇ ಸೇರಿಸಿದ್ದೆ. ಅಲ್ಲಿನ ಕೋಚ್ ನಗುವುದನ್ನೇ ಮರೆತ ಸ್ವೀಡಿಷ್ ಅಜ್ಜಿ. ಅಭ್ಯಾಸದಲ್ಲಿ ಏಟು ತೋರಿಸುವ ದೀಪಗಳನ್ನು ಅವರು ಹಚ್ಚಗೊಡುತ್ತಿರಲಿಲ್ಲ. ಏಟು ತಾಗಿದವರೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ಮೊದಲ ವರ್ಷ ನನ್ನ ಮಗಳು ಅಳುತ್ತಲೇ ಕೈ ಎತ್ತುತ್ತಿದ್ದಳು, ಆದರೆ ಎತ್ತುತ್ತಿದ್ದಳು. ಅದನ್ನು ನೋಡಿ ನನಗಾದಷ್ಟು ಹೆಮ್ಮೆ ಅವಳ ಯಾವ ಪದಕ ನೋಡಿಯೂ ಆಗಿಲ್ಲ.

ಈಗೀಗ ಅವಳು ಕನ್ನಡಿಯ ಮುಂದೆ ನಿಂತು ಮುಖವಾಡ ತೆಗೆಯುವುದನ್ನೇ ಅಭ್ಯಾಸ ಮಾಡುತ್ತಿದ್ದಳು. ಅವನು ಅವಳಿಂದ ಆಟವನ್ನೇ ಕಿತ್ತುಕೊಳ್ಳುತ್ತಾನೆ ಎಂದು ನನಗೆ ಭಯ. "ಅವನು ಆಟಗಾರ ಅಲ್ಲ ಕಣೆ, ಶಾಂಪೂ ಜಾಹೀರಾತು" ಎಂದು ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದೆ. ಅವಳು ಸ್ವೀಡಿಷ್‌ನಲ್ಲಿ ಏನೋ ಗೊಣಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹೋದ ಚಳಿಗಾಲ ಅವನು ರೈಲಿನಲ್ಲಿ ಒಂದು ಗಂಟೆ ದೂರದ ಸೋಲ್ನಾ ಊರಿನ ಒಂದು ಹಾಲ್‌ಗೆ ಮಕ್ಕಳಿಗೆ ಕಲಿಸಲು ಬಂದ. ಫಿಕಾ, ಅಂದರೆ ಇಲ್ಲಿನವರ ಕಾಫಿ-ತಿಂಡಿಯ ಟೇಬಲ್ ನೋಡಿಕೊಳ್ಳುವ ಸರದಿ ಆ ದಿನ ನನ್ನದೇ. ಬನ್ನು ಜೋಡಿಸಿ, ಕಾಫಿ ಬಗ್ಗಿಸುತ್ತಾ ಅವನ ಮೇಲೇ ಕಣ್ಣಿಟ್ಟಿದ್ದೆ. ಪ್ರತಿ ಮಗುವಿನ ಜೊತೆ ಒಂದು ನಿಮಿಷ ಆಡುತ್ತಿದ್ದ, ಜೊತೆಗಾರನೊಬ್ಬ ವಿಡಿಯೋ ತೆಗೆಯುತ್ತಿದ್ದ. ನನ್ನ ಮಗಳು ಮುನ್ನುಗ್ಗಿದಳು. ಕತ್ತಿಯ ತುದಿ ಅವನ ಕಂಕುಳ ಕೆಳಗೆ ಗಾಳಿಯಲ್ಲಿ ಹಾದುಹೋಯಿತು. ಆದರೂ ಅವನು ಕೈ ಎತ್ತಿದ. ಎದೆ ಹಿಡಿದು ಮಂಡಿಯೂರಿದ, ಮುಖವಾಡ ಕಿತ್ತು ಕೂದಲು ಕೊಡವಿದ, ಅವಳನ್ನು ತಬ್ಬಿಕೊಂಡ. ಹಾಲ್‌ಗೆ ಹಾಲೇ ಚಪ್ಪಾಳೆ ತಟ್ಟಿತು. ನನ್ನ ಮೈಯೆಲ್ಲ ಉರಿದುಹೋಯಿತು.

ನಾವು ವಾಪಸು ಹೋಗುವ ರೈಲು ಹತ್ತುವಷ್ಟರಲ್ಲಿ ಚಾಂಪಿಯನ್‌ಗೆ ಹೊಡೆದ ಹುಡುಗಿಯ ವಿಡಿಯೋ ಎಲ್ಲ ಕಡೆ ಹರಿದಾಡುತ್ತಿತ್ತು. ಮಗಳು ಫೋನನ್ನು ಮಗುಚಿಟ್ಟಳು.

"ಅಮ್ಮ, ಅದು ಟಚ್ ಆಗ್ಲೇ ಇಲ್ಲ."

"ಗೊತ್ತು. ನೋಡ್ದೆ."

"ನಾನು ಅವ್ನಿಗೆ ಹೇಳ್ದೆ. ಕ್ಯಾಮೆರಾ ನೋಡು, ಸ್ಮೈಲ್ ಮಾಡು ಅಂದ."

ಆಗ ನಾನು ಸುಮ್ಮನಿರಬೇಕಿತ್ತು. ಆದರೆ ಎರಡು ವರ್ಷದಿಂದ ಇದಕ್ಕೇ ಕಾದಿದ್ದವಳು ಶುರುಹಚ್ಚಿಕೊಂಡೆ. ನಾನು ಹೇಳಿರ್ಲಿಲ್ವಾ, ಅವನ ಹಣೆಬರಹವೇ ಅಷ್ಟು, ನಾಟಕದವನು, ನಿನ್ನಂಥವರಿಂದಲೇ ಅವನಿಗೆ ಕೊಬ್ಬು ಎಂದು ಮೂರು ಸ್ಟೇಷನ್ ದಾಟುವವರೆಗೂ ಬಾಯಿ ನಿಲ್ಲಲಿಲ್ಲ.

ಅವಳು ನನ್ನನ್ನೇ ದಿಟ್ಟಿಸಿದಳು. "ನಿಂಗೆ ಖುಷಿ ಆಗಿದೆ, ಅಲ್ವಾ?"

"ಇಲ್ಲಪ್ಪ" ಎಂದೆ. ಆಗಿತ್ತು. ಅದು ಮುಖದಲ್ಲೇ ಕಾಣುತ್ತಿತ್ತೇನೋ, ಅವಳು ಕತ್ತಿಯ ಉದ್ದನೆಯ ಚೀಲ ಎತ್ತಿಕೊಂಡು ಹೋಗಿ ಬೇರೆ ಸೀಟಿನಲ್ಲಿ ಕುಳಿತಳು.

ಮುಂದಿನ ಮಂಗಳವಾರ ಅವಳು ಕ್ಲಬ್ಬಿಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ. ತಿಂಗಳಾದ ಮೇಲೆ ಕೋಚ್ ಫೋನ್ ಮಾಡಿ, ಹುಡುಗಿ ಯಾಕೆ ಆಟ ಬಿಟ್ಟಳು ಎಂದು ಕೇಳಿದರು.

ಎಲ್ಲ ಆ ಹಂಗೇರಿಯವನಿಂದ ಎಂದು ಹೇಳಿದೆ.