ಮೂಳೆ ವಾರ್ಡಿನ ಸಿಸ್ಟರ್

ಅವರ ಕೈಗಳು ಅವರ ಮುಖಕ್ಕೆ ಸೇರಿದವಲ್ಲ ಅನ್ನಿಸುತ್ತಿತ್ತು. ಮುಖ ಎಣ್ಣೆಗಪ್ಪು, ನುಣುಪು. ಮೊಣಕೈಯಿಂದ ಕೆಳಗೆ ಮಾತ್ರ ಬೂದಿ ಬಳಿದ ಹಾಗೆ ಬೆಳ್ಳಗೆ ಒಣಗಿ, ಹೊಟ್ಟು ಏಳುತ್ತಿತ್ತು. ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರ ಹತ್ತಿರ ಹೋಗುವ ಮೊದಲು ಸೋಪು ಹಚ್ಚಿ ತಿಕ್ಕುತ್ತಿದ್ದರು, ಸೀದ ಪಾತ್ರೆ ತಿಕ್ಕುವವರ ಸಿಟ್ಟಿನಲ್ಲಿ. ಹೆಬ್ಬಾಳದ ಕಡೆಯ ಆ ಆಸ್ಪತ್ರೆಯ ಮೂಳೆ ವಾರ್ಡಿಗೆ ಅವರೇ ದೊಡ್ಡ ಸಿಸ್ಟರ್. ಆರ್.ಟಿ. ನಗರದವರು, ಮನೆಮಾತು ದಖನಿ ಉರ್ದು. ಕನ್ನಡದಲ್ಲಿ ಬೈದು ಸಾಲದೆ ಹೋದಾಗ "ನಕ್ಕೋ! ನಕ್ಕೋ!" ಎಂದು ಕೈಬೀಸಿ ಜನರನ್ನು ಹೊರಗೆ ಅಟ್ಟುತ್ತಿದ್ದರು. ಮೊದಲ ದಿನವೇ ನಾನು ಅವರನ್ನು ದ್ವೇಷಿಸಿದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಮ್ಮನ ಬಲಸೊಂಟದ ಕೀಲು ಸವೆದುಹೋಗಿ, ಅಲ್ಲಾಳಸಂದ್ರದ ನಮ್ಮ ಮನೆಯ ಹೊಸ್ತಿಲು ದಾಟಬೇಕಾದರೂ ಗೋಡೆ ಹಿಡಿಯುತ್ತಿದ್ದಳು. ಕೀಲನ್ನೇ ತೆಗೆದು ಲೋಹದ್ದು ಕೂರಿಸುತ್ತಾರೆ ಅನ್ನುವುದನ್ನು ನಮ್ಮ ಕಡೆ ಯಾರೂ ಕೇಳಿರಲಿಲ್ಲ. ನಾನು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್. ಗೋಗರೆದು ರಜೆ ಪಡೆದು, ಟ್ಯಾಕ್ಸಿ ಮಾಡಿ ಅಮ್ಮನನ್ನು ಕರೆದೊಯ್ದಿದ್ದೆ. ಸಿಸ್ಟರ್ ಸೊಂಟದ ಕಡೆ ತಿರುಗಿಯೂ ನೋಡಲಿಲ್ಲ. ಅಮ್ಮನ ಬಾಯಿ ತೆರೆಸಿದರು, ಪಾದ ಎತ್ತಿ ನೋಡಿದರು.

"ದವಡೆ ಹಲ್ಲು ಕೊಳೆತಿದೆ. ಹಿಮ್ಮಡಿ ಒಡೆದು ಕೀವಾಗಿದೆ. ವಾಪಸ್ ಕರ್ಕೊಂಡ್ ಹೋಗಿ, ಎರಡೂ ವಾಸಿಯಾದ್ಮೇಲೆ ಬನ್ನಿ."

"ಆಪರೇಷನ್ ಸೊಂಟಕ್ಕೆ ಕಣ್ರೀ, ಹಲ್ಲಿಗಲ್ಲ," ಎಂದೆ.

"ಲೋಹದೊಳಗೆ ರಕ್ತ ಓಡಲ್ಲ. ಹಲ್ಲಿನ ಕ್ರಿಮಿ ಹೋಗಿ ಅಲ್ಲಿ ಕೂತ್ರೆ ಎಬ್ಬಿಸೋರು ಯಾರು? ನೀವಾ?"

ಡಾಕ್ಟರೂ ಅವರ ಮಾತಿಗೇ ತಲೆಯಾಡಿಸಿದರು. ಹಲ್ಲು ಕೀಳಿಸಿ, ಹಿಮ್ಮಡಿ ಮಾಗಿಸಿ, ತಿಂಗಳ ಮೇಲೆ ಮತ್ತೆ ಹೋದೆವು. ಆಪರೇಷನ್ ಚೆನ್ನಾಗಿಯೇ ಆಯಿತು.

ಮೂರನೆಯ ದಿನ ಕೊಡಿಗೇಹಳ್ಳಿಯಿಂದ ನಮ್ಮ ದೊಡ್ಡಮ್ಮ ಬಂದಳು. ಹಾಲು ಕರೆದು ಹಾಗೇ ಬಸ್ಸು ಹತ್ತಿದೆ ಎಂದು ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು. ಅಕ್ಕರೆಯಿಂದ ಹಾಸಿಗೆಯ ಮೇಲೆ ಕೂತು, ಪಟ್ಟಿ ಎಷ್ಟುದ್ದ ಇದೆ ನೋಡೋಣ ಎಂದು ಹೊದಿಕೆ ಸರಿಸಿದಳು. ಸಿಸ್ಟರ್ ವಾರ್ಡಿನ ಆ ತುದಿಯಿಂದಲೇ ಕೂಗಿದರು: "ಏಳ್ರೀ ಮೇಲೆ! ಕೊಟ್ಟಿಗೆ ಕೈಲಿ ಗಾಯ ಮುಟ್ತೀರಾ? ಕೊಲ್ಲೋಕೆ ಬಂದಿದೀರಾ?" ಅಷ್ಟು ಜನರ ಎದುರು ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾ ಹೊರಟುಹೋದಳು.

ಮರುದಿನ ಕಾರ್ಖಾನೆಯ ಟೈಪ್‌ರೈಟರಿನಲ್ಲೇ ದೂರು ಹೊಡೆದು ಸೂಪರಿಂಟೆಂಡೆಂಟರಿಗೆ ಕೊಟ್ಟೆ. ಸಿಸ್ಟರನ್ನು ಕರೆಸಿ ವಿಚಾರಿಸಿದರಂತೆ. ಆ ವರ್ಷ ಅವರಿಗೆ ಬರಬೇಕಿದ್ದ ಮೇಟ್ರನ್ ಕೆಲಸ ಅದರಿಂದಲೇ ತಪ್ಪಿತು ಎಂದು ವಾರ್ಡಿನ ಆಯಾ ಪಿಸುಗುಟ್ಟಿದಳು. ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಯಿತು.

ಮನೆಗೆ ಕಳಿಸುವ ದಿನ ಅವರು ನನ್ನನ್ನು ಬಾಗಿಲಲ್ಲಿ ತಡೆದರು. "ಗಾಯದಲ್ಲಿ ಒಂದು ತೊಟ್ಟು ಒದ್ದೆ ಕಂಡ್ರೂ ಅದೇ ದಿನ ಬರಬೇಕು. ನನ್ನ ಮುಖ ನೋಡೋಕೆ ಇಷ್ಟ ಇಲ್ದಿದ್ರೂ ಬರಬೇಕು." ನಾನು ಟ್ಯಾಕ್ಸಿ ಹಿಡಿಯಲು ಹೊರಟೆ.

ಮನೆಗೆ ಬಂದು ಒಂದು ವಾರವಾಗಿತ್ತು. ಅಮ್ಮನ ಸೀರೆಯ ಮೇಲೆ ಕಾಸಗಲದ ಹಳದಿ ಕಲೆ ಕಂಡಿತು.

"ಓಗಾನ ನಡಿಯೇ, ಆ ಸಿಸ್ಟರಮ್ಮ ಯೋಳಿತ್ತಲ್ಲ," ಎಂದಳು ಅಮ್ಮ.

"ಇಷ್ಟಕ್ಕೆಲ್ಲ ಓಡಿದ್ರೆ ಅವಳು ಕುಣೀತಾಳೆ. ಯಲಹಂಕದಲ್ಲೇ ತೋರಿಸೋಣ," ಎಂದೆ.

ಯಲಹಂಕದ ಡಾಕ್ಟರು ಕ್ಯಾಪ್ಸೂಲ್ ಕೊಟ್ಟರು. ಕಲೆ ನಿಂತಿತು, ಮತ್ತೆ ಬಂತು. ಕಲೆ ಕಂಡ ಒಂಬತ್ತನೆಯ ದಿನ ಅಮ್ಮನಿಗೆ ಚಳಿಜ್ವರ ಬಂದು ಹಲ್ಲು ಕಟಕಟ ಅನ್ನತೊಡಗಿದಾಗ ನನ್ನ ಹಟ ಕರಗಿತು.

ಸಿಸ್ಟರ್ ಗಾಯದ ಅಂಚನ್ನು ಮೆಲ್ಲಗೆ ಒತ್ತಿದರು. ಕೀವು ಉಕ್ಕಿತು.

"ಎಷ್ಟು ದಿನದಿಂದ?"

"ಎರಡು ದಿನ."

ಅವರು ನನ್ನನ್ನೇ ನೋಡಿದರು. "ನನ್ನ ಮೇಲಿನ ಕೋಪ ಆಮೇಲೆ ತೀರಿಸ್ಕೊಳ್ಳಿ. ಏನಾದ್ರೂ ಮಾತ್ರೆ ಕೊಟ್ರಾ? ನಿಜ ಹೇಳಿ. ಅರ್ಧಂಬರ್ಧ ಔಷಧಿಗೆ ಕ್ರಿಮಿ ಸಾಯಲ್ಲ, ಬಚ್ಚಿಟ್ಕೊಳ್ಳುತ್ತೆ. ಲ್ಯಾಬಿನೋರಿಗೂ ಸಿಗಲ್ಲ."

ಒಂಬತ್ತು ದಿನ ಎಂದೆ. ಕ್ಯಾಪ್ಸೂಲಿನ ಹೆಸರನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಗಾಯ ಬಿಚ್ಚಿ ತೊಳೆದರು. ಕೀವು ನಿಲ್ಲಲಿಲ್ಲ. ಎರಡನೆಯ ಸಲ ಬಿಚ್ಚಿ, ಕೂರಿಸಿದ್ದ ಲೋಹದ ಕೀಲನ್ನೇ ಕಿತ್ತು ತೆಗೆದರು. ಸೊಂಟದಲ್ಲಿ ಕೀಲೇ ಇಲ್ಲದೆ, ಕಾಲಿಗೆ ತೂಕ ಕಟ್ಟಿಸಿಕೊಂಡು, ಅಮ್ಮ ವಾರಗಟ್ಟಲೆ ಅಂಗಾತ ಮಲಗಿದಳು. ದಿನಕ್ಕೆ ಎಷ್ಟೋ ಇಂಜೆಕ್ಷನ್. ಆ ಗಾಯವನ್ನು ಸಿಸ್ಟರ್ ಬೇರೆ ಯಾರಿಗೂ ಬಿಡಲಿಲ್ಲ. ರಜೆಯ ದಿನವೂ ಬಂದು ತಾವೇ ಪಟ್ಟಿ ಕಟ್ಟಿ ಹೋಗುತ್ತಿದ್ದರು. ಅಮ್ಮನೊಂದಿಗೆ ಹಸುಗಳ ವಿಚಾರ ಮಾತಾಡುತ್ತಿದ್ದರು. ನಾನು ಬಂದರೆ ಬಾಯಿ ಮುಚ್ಚುತ್ತಿದ್ದರು.

ಒಂದು ಮಧ್ಯಾಹ್ನ ತಡೆಯಲಾರದೆ, ದೂರನ್ನು ವಾಪಸ್ ಪಡೆಯುತ್ತೇನೆಂದು ಟೈಪ್ ಮಾಡಿದ ಕಾಗದ ಅವರ ಮುಂದಿಟ್ಟೆ. ಓದಿ, ಮಡಿಸಿ, ನನ್ನ ಕೈಗೇ ಕೊಟ್ಟರು.

"ನೀವು ಬರೆದಿದ್ದು ಸುಳ್ಳಲ್ಲ. ಬೈದೆ. ನಾಳೆ ಇನ್ನೊಬ್ಬರು ಹಾಸಿಗೆ ಮೇಲೆ ಕೂತ್ರೂ ಬೈತೀನಿ. ಆ ಒಂಬತ್ತು ದಿನಕ್ಕೆ ಮಾಫಿ ಕೇಳೋಕೆ ಬಂದಿದ್ರೆ ನಾನಲ್ಲ, ಅಲ್ಲಿ ಮಲಗಿದಾರಲ್ಲ, ಅವರನ್ನ ಕೇಳಿ."

ಅಮ್ಮನ ಹಾಸಿಗೆ ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಹೋಗಲಿಲ್ಲ.

ಕೀವು ಪೂರ್ತಿ ಆರಿ ಕೆಲವು ತಿಂಗಳಾದ ಮೇಲೆ ಹೊಸ ಕೀಲು ಕೂರಿಸಿದರು. ಈ ಸಲ ನಿಂತಿತು. ಬಲಗಾಲು ಒಂದಿಂಚು ಗಿಡ್ಡವಾಯಿತು. ಅಮ್ಮ ಕೋಲೂರಿಕೊಂಡು ಕೆರೆಯ ಏರಿಯವರೆಗೆ ನಡೆದಳು. ಸಿಸ್ಟರ್ ಮಾತ್ರ ಆಮೇಲೂ, ತಪಾಸಣೆಗೆ ಹೋದಾಗಲೆಲ್ಲ, ನನ್ನತ್ತ ನಗಲಿಲ್ಲ. ನಾನೂ ನಗಲಿಲ್ಲ.

ಐದಾರು ವರ್ಷದ ಮೇಲೆ ಹೀಗೇ ತಪಾಸಣೆಗೆ ಹೋದಾಗ ಅದೇ ಆಯಾ ಹೇಳಿದಳು, ಸಿಸ್ಟರ್ ಹಿಂದಿನ ದಿನ ಎದೆನೋವಿನಿಂದ ತೀರಿಕೊಂಡರೆಂದು. "ನಡಿ, ನೋಡ್ಕಂಡೇ ಓಗಾನ," ಎಂದಳು ಅಮ್ಮ. ಆಟೋ ಹಿಡಿದು ಆರ್.ಟಿ. ನಗರಕ್ಕೆ ಹೋದೆವು. ಮಣ್ಣು ಮಾಡಿ ಆಗಿತ್ತು. ಬಾಗಿಲಿಗೆ ಬಂದ ಅವರ ತಂಗಿ ನಮ್ಮನ್ನು ನೋಡಿ, "ಆಸ್ಪತ್ರೆಯೋರಾ? ಆಪಾ ನಿಮಗೂ ಬೈದಿದ್ರಾ?" ಎಂದರು. ಅತ್ತು ಕೆಂಪಾಗಿದ್ದ ಕಣ್ಣಲ್ಲಿ ಸಣ್ಣ ನಗು ಇತ್ತು.

"ನಂಗಿಲ್ಲವ್ವ, ಇವಳಿಗೆ," ಎಂದಳು ಅಮ್ಮ.

"ಹೌದು," ಎಂದೆ. "ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ನಾನು ಒಂಬತ್ತು ದಿನ ತಡ ಮಾಡಿದ್ದೆ. ಅವರ ಮೇಲಿನ ಹಟಕ್ಕೆ."

ಅಮ್ಮನ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ನನ್ನ ಭುಜ ಹಿಡಿದು ಒಂದೊಂದೇ ಚಪ್ಪಲಿ ಬಿಟ್ಟು, ಒಳಗೆ ನಡೆದಳು.