ಹರಿಗೋಲಿನವನು ಬಿಚ್ಚಿ ತಂದ ಬಟ್ಟೆ

ಕುಣಿಗಲ್ ದೊಡ್ಡಕೆರೆಯ ಹರಿಗೋಲಿನವನು ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹುಟ್ಟು ಹಿಡಿದವನಲ್ಲ. ಎಪ್ಪತ್ತರ ದಶಕದಲ್ಲಿ ತುಮಕೂರಿನ ಕಾಲೇಜಿನಿಂದ ಹಕ್ಕಿ ನೋಡಲು ಹೋಗಿ, ಏರಿಯ ಪಕ್ಕ ಡೇರೆ ಹಾಕುತ್ತಿದ್ದ ನಮಗೆ ಅವನ ಮಾತು ಒಂದೇ: "ನೋಡಿ ಸಾಮಿ, ಸುಮ್ನೆ ನೋಡಿ."

ಸುಮ್ಮನೆ ನೋಡಲು ನಮಗೆಲ್ಲಿ ಬರುತ್ತಿತ್ತು? ಮುಂದಿನ ವಾರ ಹುಡುಕಲು ಸುಲಭವಾಗಲೆಂದು, ನೀರಿನ ನಡುವೆ ಕೊಕ್ಕರೆ ಗೂಡಿದ್ದ ಜಾಲಿಮರಗಳಿಗೆಲ್ಲ ನಾನು ಹರಿಗೋಲಿನಲ್ಲಿ ಕೂತೇ ಕೆಂಪು ಬಟ್ಟೆಚೂರು ಕಟ್ಟಿದೆ.

"ಗುರುತು ಯಾಕೆ ಸಾಮಿ? ನಾನಿಲ್ವಾ?" ಅಂದ. ನಾವು ನಕ್ಕೆವು.

ಮುಂದಿನ ವಾರ ಹೋದಾಗ ಹರಿಗೋಲು ದಡದಲ್ಲಿ ಬೋರಲು ಬಿದ್ದಿತ್ತು. "ಕೋವಿಯೋರು ಬಂದಿದ್ರು. ಬಟ್ಟೆ ಕಟ್ಟಿದ್ ಮರಗಳ್ನೇ ನೋಡಿ ಹೊಡ್ದವ್ರೆ," ಎಂದ. ಬೈಯಲಿಲ್ಲ. ಒಗೆದು ಮಡಿಸಿಟ್ಟಿದ್ದ ಬಟ್ಟೆಚೂರುಗಳನ್ನು ನನ್ನ ಕೈಗಿಟ್ಟ.

"ಎಲ್ಲಾ ಅವೆ. ನೋಡ್ಕಳಿ ಸಾಮಿ."