ನಾಲ್ಕು ಅಕ್ಷರಕ್ಕೊಂದು ಖರೇ

ಕಾರ್ಖಾನೆಯಿಂದ ತಂದಿದ್ದ ಹಳೇ ಕಂಪ್ಯೂಟರನ್ನು ಮೊನ್ನೆ ಅನಗೋಳದ ನಮ್ಮ ಮನೆಯಲ್ಲಿ ಗುಜರಿಗೆಂದು ಎತ್ತಿದಾಗ ಅದರ ಬೆನ್ನಿಗೆ ಅಂಟಿದ್ದ ಚೀಟಿ ಕಿತ್ತು ಬಂತು. ನೀಲಿ ಶಾಯಿ, ನಾಲ್ಕು ನಾಲ್ಕು ಅಕ್ಷರಗಳ ಗುಂಪು. ಕೈಬರಹ ಸರ್ ಅವರದು...

ಮಚ್ಛೆ ಊರಿನ ಆ ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಅವರೇ ಹಿರಿಯರು, ನಾನು ಅವರ ಕೈಕೆಳಗೆ. ದಿನಾ ಖಾನಾಪುರದಿಂದ ರೈಲಿಗೆ ಬರುತ್ತಿದ್ದರು. ನಮ್ಮ ಕಂಪ್ಯೂಟರುಗಳೆಲ್ಲ ನಡೆಯುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶದ ಮೇಲೆ. ಅದರ ಪ್ಯಾಕೇಜುಗಳ ಭಂಡಾರವನ್ನು ದಿನವೂ ಗಿಟ್ ಮೂಲಕ ಇಳಿಸಿಕೊಳ್ಳುತ್ತಿದ್ದೆವು; ಯಾರು ಏನು ಬದಲಿಸಿದರೆಂದು ಹೆಸರು ಸಮೇತ ದಾಖಲಿಸಿಡುವ ವ್ಯವಸ್ಥೆ ಅದು. ಬಂದದ್ದರ ಮೇಲೆ ಕಳಿಸಿದವರ ಡಿಜಿಟಲ್ ಸಹಿ ಹೊಂದಿದರಷ್ಟೇ ಒಳಗೆ. ಆ ಸಹಿಯ ಗುರುತೇ ಚೀಟಿಯಲ್ಲಿದ್ದದ್ದು. ಹೊಸ ಯಂತ್ರ ಬಂದಾಗಲೆಲ್ಲ ನಾನು ಚೀಟಿ ಓದಬೇಕು, ಅವರು ಪರದೆ ನೋಡುತ್ತ ನಾಲ್ಕು ಅಕ್ಷರಕ್ಕೊಮ್ಮೆ ತಾಳೆ ನೋಡಿ, ನಿಜವಿದ್ದರೆ "ಖರೇ" ಅನ್ನಬೇಕು.

"ಸರ್, ಇದೇನ್ ಮದುವಿಗೆ ಜಾತಕ ಕೂಡಿಸಾಕ ಹತ್ತೀರೇನ್ರಿ?" ಎಂದು ನಗುತ್ತಿದ್ದೆ.

"ನಗ್ರಿ, ನಗ್ರಿ. ಹೆಸರು ಯಾರ್ದರ ಹಾಕ್ಕೋಬಹುದು. ಸಹಿ ಹಂಗಲ್ಲ."

ಒಂದು ದಿನ ಅವರು ಊಟಕ್ಕೆ ಎದ್ದು ಹೋದಾಗ, ಸಹಿ ಹೊಂದಲಿಲ್ಲವೆಂದು ಇಳಿಸುವ ಕೆಲಸ ನಿಂತಿತು. ಅವರಿದ್ದರೆ ಕಾಯುತ್ತಿದ್ದರು. ನನಗೆ ಎಲ್ಲಿಲ್ಲದ ಅವಸರ. ಅವರ ಕಂಪ್ಯೂಟರಿನಲ್ಲೇ ಕೂತು, ಸಹಿ ನೋಡಬೇಕೆಂಬ ಆದೇಶದ ಸಾಲನ್ನೇ ಅಳಿಸಿಬಿಟ್ಟೆ. ಸಹಿ ಹೊಂದದ ಪ್ಯಾಕೇಜು ಒಳಹೊಕ್ಕು ಮರುದಿನ ಕಾರ್ಖಾನೆಯ ಕಂಪ್ಯೂಟರುಗಳೆಲ್ಲ ಕೆಟ್ಟು ಕೂತವು. ಸಾಲು ಅಳಿಸಿದವರಾರೆಂದು ಮಾಲೀಕರೆದುರು ಗಿಟ್ ದಾಖಲೆ ತೆಗೆದರೆ ಸರ್ ಹೆಸರೇ ಇತ್ತು. ಕೂತದ್ದು ಅವರ ಕಂಪ್ಯೂಟರಿನಲ್ಲಲ್ಲವೇ.

"ನಾ ಏನ ಬದಲು ಮಾಡಿದ್ರೂ ನನ್ನ ಗುಟ್ಟಿನ ಪದ ಹಾಕಿದ ಸಹಿ ಇರ್ತೈತ್ರಿ ಸಾಹೇಬ್ರ. ಇದಕ್ಕ ಇಲ್ಲ ನೋಡ್ರಿ," ಎಂದರು ಸರ್. ಮಾಲೀಕರಿಗೆ ಅದು ತಲೆಗೆ ಹತ್ತಲಿಲ್ಲ. ನನ್ನ ಕಡೆ ತಿರುಗಿದರು.

"ಹೆಸರು ಇವರದ ಐತಿ, ಹೌದಲ್ರಿ?"

"ಖರೇ ರೀ," ಅಂದೆ.

ಸರ್ ನನ್ನ ಮುಖ ನೋಡಿದರು. ಅವರಿಗೆ ಆ ಕ್ಷಣವೇ ಎಲ್ಲ ತಿಳಿಯಿತು. ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಅಂದೇ ಅವರ ನೌಕರಿ ಹೋಯಿತು. ವಾರ ಕಳೆಯುವುದರೊಳಗೆ ಅವರ ಕುರ್ಚಿಯಲ್ಲಿ ನಾನು ಕೂತೆ, ನಾಚಿಕೆಗೆಟ್ಟವನು.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಖಾನಾಪುರವೇನು ದೂರವಲ್ಲ. ಆದರೆ ಯಾವ ಮುಖ ಹೊತ್ತು ಹೋಗಲಿ...

ಮೊನ್ನೆ ಚೀಟಿ ಹಿಡಿದು ಮೊದಲ ನಾಲ್ಕು ಅಕ್ಷರ ಜೋರಾಗಿ ಓದಿದೆ. ಹಳೇ ರೂಢಿ, ಅವರ ಉತ್ತರಕ್ಕೆ ಕಾದೆ.

"ಯಾರ ಕೂಡ ಮಾತಾಡಾಕ ಹತ್ತೀರಿ?" ಎಂದು ಒಳಗಿಂದ ಹೆಂಡತಿ ಕೇಳಿದಳು.

"ಯಾರೂ ಇಲ್ಲ," ಅಂದೆ. ಅದು ಮಾತ್ರ ಖರೇ ಇತ್ತು.